ಹಸಿದುಕೊಂಡು ಹೋಗಿ

ಚಿಪ್ ಕಂಪನಿಗಳ ಕೆಲಸದ ಮೇಲೆ ತೈವಾನಿಗೆ ಹೋಗುವ ಬೆಂಗಳೂರಿನವರಿಗೆ ಸಿಗುವ ಮೊದಲ ಬುದ್ಧಿಮಾತು, "ರಾತ್ರಿ ಸಂತೆಗೆ ಹಸಿದುಕೊಂಡು ಹೋಗಿ." ಮಾತು ಸರಿಯೇ. ಆದರೆ ಹೇಳುವವರು ಹಂದಿ, ಸಿಂಪಿ, ಬಾತುಕೋಳಿಯ ನಾಲಿಗೆ ಯಾವುದಕ್ಕೂ ಹಿಂದೆಗೆಯದವರು. ನಾನು ಸೊಪ್ಪುಸದೆಯ ಗಿರಾಕಿ. ಹಸಿದುಕೊಂಡು ಹೋದವನು ಹಸಿದುಕೊಂಡೇ ಬರಬಹುದೆಂಬುದು ಅವರ ಲೆಕ್ಕದಲ್ಲಿ ಇರುವುದಿಲ್ಲ.

ತೈಪೆಯ ರಾವೋಹೆ ಬೀದಿಯ ಸಂತೆ ದೇವರ ಎದುರಿನಿಂದಲೇ ಶುರು. ಸೊಂಗ್‌ಶಾನ್ ಮೆಟ್ರೊ ನಿಲ್ದಾಣದಿಂದ ಮೇಲೆ ಬಂದರೆ 1753ರಲ್ಲಿ ಕಟ್ಟಿದ ತ್ಸಿಯೋ ದೇವಸ್ಥಾನ. ಒಳಗೆ ಬೆಸ್ತರನ್ನು ಕಾಯುವ ಕಡಲ ದೇವಿ ಮಾಜು. ಪಕ್ಕದಲ್ಲೇ ಸಂತೆಯ ಕಮಾನು. ತೈವಾನಿನ ಎಷ್ಟೋ ರಾತ್ರಿ ಸಂತೆಗಳು ಹೀಗೆ ಗುಡಿಯ ಅಂಗಳದಲ್ಲೇ ಬೆಳೆದವು. ನಮ್ಮ ಜಾತ್ರೆಯಲ್ಲಿ ರಥವೊಂದನ್ನು ಕಳೆದು, ಉಳಿದದ್ದನ್ನು ದಿನಾ ಸಂಜೆ ನಡೆಸಿದರೆ ಹೇಗೋ ಹಾಗೆ. ಕೈಮುಗಿದು ಹೊರಬಂದ ಭಕ್ತರ ಹೊಟ್ಟೆಯ ಮೇಲೆ ವ್ಯಾಪಾರಿಗಳಿಗಿರುವ ನಂಬಿಕೆ ಎಲ್ಲ ದೇಶದಲ್ಲೂ ಒಂದೇ.

ಕಮಾನಿನ ಬಳಿಯೇ ಮೆಣಸಿನ ಬನ್ನಿನ ಕ್ಯೂ. ಹಂದಿಮಾಂಸ, ಈರುಳ್ಳಿ ಹೂ, ಕಾಳುಮೆಣಸು ತುಂಬಿ, ಎಳ್ಳು ಮೆತ್ತಿದ ಹಿಟ್ಟಿನುಂಡೆಯನ್ನು ಇದ್ದಿಲ ಒಲೆಯ ಒಳಗೋಡೆಗೆ ಅಂಟಿಸಿ ಬೇಯಿಸುತ್ತಾರೆ. ನನಗೆ ಅಲ್ಲಿ ದರ್ಶನ ಮಾತ್ರ, ಪ್ರಸಾದವಿಲ್ಲ. ಮುಂದೆ ಹುದುಗಿಸಿದ ನಾತದ ತೋಫು. ಅದನ್ನು ಕಣ್ಣಿಗಿಂತ ಮೊದಲು ಮೂಗು ಪತ್ತೆಹಚ್ಚುತ್ತದೆ. ವಿವರಣೆ ಬೇಡ, ಊಟ ಮಾಡುತ್ತಾ ಓದುವವರೂ ಇರುತ್ತಾರೆ.

ಹಾಗೆಂದು ಉಪವಾಸ ಬೀಳಬೇಕಿಲ್ಲ. ತೈವಾನಿನಲ್ಲಿ ಸಸ್ಯಾಹಾರಿ ಬೌದ್ಧರು ಬೇಕಾದಷ್ಟಿದ್ದಾರೆ. ಅವರ ಹೋಟೆಲುಗಳ ಬೋರ್ಡಿನಲ್ಲಿ ಸ್ವಸ್ತಿಕದ ಗುರುತು ಇರುವುದುಂಟು. ಕಟ್ಟುನಿಟ್ಟಿನವರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಉಡುಪಿಯ ಮಠಕ್ಕೆ ಅವರನ್ನು ಧೈರ್ಯವಾಗಿ ಊಟಕ್ಕೆ ಕರೆಯಬಹುದು.

ನನ್ನನ್ನು ಕಟ್ಟಿ ನಿಲ್ಲಿಸಿದ್ದು ಮಾತ್ರ ಕಡಲೆಕಾಯಿ ಐಸ್‌ಕ್ರೀಮಿನ ಸುರುಳಿ. ಗಾಡಿಯ ಮೇಲೆ ಇಟ್ಟಿಗೆಗಿಂತ ದೊಡ್ಡದಾದ ಕಡಲೆಕಾಯಿ ಮಿಠಾಯಿಯ ದಿಮ್ಮಿ. ಅಜ್ಜಿ ಬಡಗಿಯ ಕೀಸುಳಿ ಹಿಡಿದು ಅದನ್ನು ಸರಸರ ಕೀಸುತ್ತಾರೆ. ಉದುರಿದ ಪುಡಿಯನ್ನು ತೆಳ್ಳನೆಯ ಹಾಳೆಯಂಥ ರೊಟ್ಟಿಯ ಮೇಲೆ ಹರಡಿ, ಮೂರು ಉಂಡೆ ಐಸ್‌ಕ್ರೀಮ್ ಇಟ್ಟು, ಮೇಲೆ ಒಂದು ಹಿಡಿ ಕೊತ್ತಂಬರಿ ಸೊಪ್ಪು! ಐಸ್‌ಕ್ರೀಮಿಗೆ ಕೊತ್ತಂಬರಿಯೇ ಎಂದು ಮೂಗೆಳೆಯುವವರು ಒಮ್ಮೆ ತಿಂದು ನೋಡಬೇಕು. ಸಾರು, ಪಲ್ಯ, ಚಿತ್ರಾನ್ನಗಳಿಗೆ ಉದುರಿಸಿಯೇ ಜನ್ಮ ಸವೆಸಿದ ನಮಗೆ ಇದು ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ. ಐಸ್‌ಕ್ರೀಮ್ ಅದನ್ನೂ ತಣಿಸುತ್ತದೆ.

ಸಾಮಾನು ಕೊಳ್ಳುವ ವಿಚಾರದಲ್ಲಿ ಹೇಳುವಂಥದ್ದು ಕಡಿಮೆ. ಕಾಲುಚೀಲ, ಫೋನಿನ ಕವಚ, ಗೊಂಬೆ ಎತ್ತುವ ಯಂತ್ರದ ಮುಂದೆ ಸೋಲುತ್ತಲೇ ಇರುವ ಹುಡುಗರು. ಇದಕ್ಕಿಂತ ಅಲ್ಲಿಯ ರಸೀದಿ ಸ್ವಾರಸ್ಯಕರ. ವ್ಯಾಪಾರಿಗಳು ತೆರಿಗೆ ತಪ್ಪಿಸದಿರಲೆಂದು 1951ರಲ್ಲಿ ಸರ್ಕಾರ ಅಂಗಡಿಯ ರಸೀದಿಗಳನ್ನೇ ಲಾಟರಿ ಟಿಕೆಟ್ ಮಾಡಿಬಿಟ್ಟಿತು. ಎರಡು ತಿಂಗಳಿಗೊಮ್ಮೆ 25ನೇ ತಾರೀಕು ಫಲಿತಾಂಶ. ದೊಡ್ಡ ಬಹುಮಾನ ಒಂದು ಕೋಟಿ ತೈವಾನ್ ಡಾಲರ್. ಸಂತೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ರಸೀದಿ ಇಲ್ಲ, ಹಾಗಾಗಿ ಅದೃಷ್ಟವೂ ಇಲ್ಲ. ಕೋಟಿಯ ಆಸೆಯಿದ್ದವರು ಮೂಲೆಯ ಅಂಗಡಿಯಲ್ಲಿ ನೀರಿನ ಬಾಟಲಿ ಕೊಳ್ಳಬೇಕು.

ಹೋಗುವವರು ಚಿಲ್ಲರೆ ಇಟ್ಟುಕೊಂಡಿರಿ. ಬೀದಿಯಲ್ಲಿ ಕಸದ ಡಬ್ಬಿ ಸುಲಭಕ್ಕೆ ಸಿಗದು, ಒಂದು ಖಾಲಿ ಚೀಲವೂ ಇರಲಿ. ಶನಿವಾರ ಮಾತ್ರ ಬೇಡ. ಅಂದು ನಾವು ನಡೆಯುವುದಿಲ್ಲ, ಜನವೇ ನಡೆಸುತ್ತದೆ.