ಅದೇ ಹಾರುತ್ತದೆ ಬಿಡಿ!

"ಈಗೆಲ್ಲ ಪೈಲಟ್ ಏನು ಮಾಡ್ತಾನೆ ಸ್ವಾಮಿ? ಗುಂಡಿ ಒತ್ತಿ ಕೂತರಾಯಿತು, ಅದೇ ಹಾರುತ್ತದೆ ಬಿಡಿ!"

ಈ ಮಾತನ್ನು ನೀವೂ ಕೇಳಿರುತ್ತೀರಿ, ಬಹುಶಃ ಹೇಳಿಯೂ ಇರುತ್ತೀರಿ. ಹೇಳುವವರು ಸಾಮಾನ್ಯವಾಗಿ ಜಗಳವಾಡಿ ಕಿಟಕಿ ಪಕ್ಕದ ಸೀಟು ಹಿಡಿದು, ಚಕ್ರ ನೆಲ ಬಿಡುವ ಮೊದಲೇ ಗೊರಕೆ ಶುರುಮಾಡುವ ಪೈಕಿ. ದೊಡ್ಡ ವಿಮಾನದ ಮಟ್ಟಿಗೆ ಈ ಉಡಾಫೆ ಹೇಗೋ ನಡೆದುಹೋಗುತ್ತದೆ. ಅಲ್ಲಿ ಇಬ್ಬರು ಪೈಲಟ್‌ಗಳಿರುತ್ತಾರೆ. ಒಬ್ಬ ಒತ್ತಿದ ಗುಂಡಿಯನ್ನು ಇನ್ನೊಬ್ಬ ನೋಡಲೇಬೇಕೆಂಬ ಕಟ್ಟುನಿಟ್ಟಿರುತ್ತದೆ. ನಾನು ಹೇಳಹೊರಟಿರುವುದು ಸಣ್ಣ ವಿಮಾನಗಳ ಸಂಗತಿ. ನಾಲ್ಕು ಸೀಟು, ಮೂತಿಗೊಂದು ಎಂಜಿನ್ನು, ಅದಕ್ಕೊಂದು ಪಂಖ. ಸೆಸ್ನಾ 172 ಅನ್ನುವುದನ್ನು ಚಿತ್ರದಲ್ಲಾದರೂ ನೋಡಿರುತ್ತೀರಿ. ಈವರೆಗೆ 44 ಸಾವಿರಕ್ಕೂ ಹೆಚ್ಚು ತಯಾರಾಗಿವೆ. ಅಮೆರಿಕದಲ್ಲಿ ಡಾಕ್ಟರು, ವಕೀಲರು, ನಿವೃತ್ತ ಮೇಷ್ಟರು ಶನಿವಾರ ಬೆಳಿಗ್ಗೆ ಇಂಥದ್ದೊಂದನ್ನು ಶೆಡ್ಡಿನಿಂದ ಎಳೆದುಕೊಂಡು ಪಕ್ಕದ ರಾಜ್ಯಕ್ಕೆ ತಿಂಡಿ ತಿನ್ನಲು ಹೋಗಿಬರುತ್ತಾರೆ. ಅಲ್ಲಿ ಅವರೇ ಕ್ಯಾಪ್ಟನ್, ಅವರೇ ಕೋ-ಪೈಲಟ್, ನೀರು ಬೇಕೆಂದರೆ ಹಿಂದಕ್ಕೆ ಕೈಚಾಚಿ ಬಾಟಲಿ ತೆಗೆಯುವ ಗಗನಸಖಿಯೂ ಅವರೇ. ತಪ್ಪು ಗುಂಡಿ ಒತ್ತಿದರೆ "ಏ, ಏನ್ ಮಾಡ್ತಿದೀಯ?" ಅನ್ನುವವರಿಲ್ಲ. ಪಕ್ಕದಲ್ಲಿ ಹೆಂಡತಿ ಇದ್ದರೆ ಅನ್ನುತ್ತಾರೆ, ಆದರೆ ಬೇರೆ ವಿಷಯಕ್ಕೆ.

ಆಟೊಪೈಲಟ್ ನಿನ್ನೆ ಮೊನ್ನೆಯದೇನಲ್ಲ. 1914ರ ಜೂನ್‌ನಲ್ಲಿ ಪ್ಯಾರಿಸ್ ಹತ್ತಿರ ಸೇನ್ ನದಿಯ ಮೇಲೆ ಲಾರೆನ್ಸ್ ಸ್ಪೆರಿ ಎಂಬ ಇಪ್ಪತ್ತೊಂದರ ಹುಡುಗ ಜನರೆಲ್ಲ ನೋಡುತ್ತಿದ್ದಂತೆ ಎರಡೂ ಕೈ ಮೇಲೆತ್ತಿ ವಿಮಾನ ಹಾರಿಸಿದ. ಅವನ ಜೊತೆಗಿದ್ದ ಮೆಕ್ಯಾನಿಕ್ ರೆಕ್ಕೆಯ ಮೇಲೆ ನಡೆದುಹೋಗಿ ನಿಂತ. ಒಂದು ಕಡೆ ಭಾರ ಬಿದ್ದರೂ ವಿಮಾನ ವಾಲಲಿಲ್ಲ. ಒಳಗೆ ಗಿರಗಿರ ತಿರುಗುತ್ತಿದ್ದ ಜೈರೊಸ್ಕೋಪು ಅದನ್ನು ಸಮ ಮಾಡಿತು. ಅಷ್ಟಕ್ಕೇ ಸುಮ್ಮನಾಗದೆ, ಇನ್ನೊಂದು ಸುತ್ತಿನಲ್ಲಿ ಹುಡುಗನೂ ಎದ್ದು ಮತ್ತೊಂದು ರೆಕ್ಕೆಗೆ ಹೋದ. ಪೈಲಟ್ ಸೀಟು ಖಾಲಿ! ಇವತ್ತಿನ ಸುರಕ್ಷಾ ಅಧಿಕಾರಿಗಳು ಅದನ್ನು ನೋಡಿದ್ದರೆ ಅಲ್ಲೇ ಎದೆ ಹಿಡಿದುಕೊಂಡು ಕೂರುತ್ತಿದ್ದರು. ವಿಚಿತ್ರವೆಂದರೆ ಇದೆಲ್ಲ ನಡೆದದ್ದು ಒಂದು ಸ್ಪರ್ಧೆಯಲ್ಲಿ, ಅದರ ಹೆಸರೇ ವಿಮಾನ ಸುರಕ್ಷತಾ ಸ್ಪರ್ಧೆ.

ನನಗೆ ಸ್ಪೆರಿಗಿಂತ ವೈಲಿ ಪೋಸ್ಟ್ ಇಷ್ಟ. ಒಂದೇ ಕಣ್ಣಿನ ಈ ಮನುಷ್ಯ 1933ರಲ್ಲಿ ಎಂಟು ದಿನಕ್ಕಿಂತ ಕಡಿಮೆ ಅವಧಿಯಲ್ಲಿ ಒಬ್ಬನೇ ಭೂಮಿ ಸುತ್ತಿ ಬಂದ, ಸ್ಪೆರಿ ಕಂಪನಿಯ ಆಟೊಪೈಲಟ್ಟನ್ನೇ ಜೊತೆಗಾರ ಮಾಡಿಕೊಂಡು. ನಡುವೆ ಅದು ಕೈಕೊಟ್ಟು, ಇಳಿದಲ್ಲಿ ರಿಪೇರಿ ಮಾಡಿಸಬೇಕಾಯಿತು. ತೂಕಡಿಕೆ ಬಂದಾಗ ಪೋಸ್ಟ್ ಮಾಡುತ್ತಿದ್ದ ಉಪಾಯ ಪ್ರಸಿದ್ಧ: ಒಂದು ಸ್ಪ್ಯಾನರಿಗೆ ದಾರ ಕಟ್ಟಿ ದಾರದ ಇನ್ನೊಂದು ತುದಿಯನ್ನು ಬೆರಳಿಗೆ ಬಿಗಿದು, ಸ್ಪ್ಯಾನರನ್ನು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದನಂತೆ. ನಿದ್ದೆಗೆ ಜಾರಿದರೆ ಹಿಡಿತ ಸಡಿಲ, ಸ್ಪ್ಯಾನರು ಬಿತ್ತು, ಬೆರಳು ಎಳೆಯಿತು, ಕಣ್ಣು ಬಿಟ್ಟ. ಯಂತ್ರಕ್ಕೆ ಕೆಲಸ ಒಪ್ಪಿಸಿದವನಿಗೂ ಅದನ್ನು ಕಾಯುವ ಕೆಲಸ ತಪ್ಪಲಿಲ್ಲ.

ಈಗ ಕಾಲ ಬದಲಾಗಿದೆ. 2004ರ ಆಸುಪಾಸಿನಿಂದ ಸಣ್ಣ ವಿಮಾನಗಳಲ್ಲೂ ದುಂಡು ಮುಳ್ಳಿನ ಮೀಟರುಗಳು ಹೋಗಿ ಎರಡು ದೊಡ್ಡ ಪರದೆಗಳು ಬಂದವು. ಪೈಲಟ್‌ಗಳು ಇದಕ್ಕೆ ಗ್ಲಾಸ್ ಕಾಕ್‌ಪಿಟ್ ಅನ್ನುತ್ತಾರೆ. ನಕಾಶೆ, ಗುಡ್ಡ, ಮಳೆ, ಪಕ್ಕದಲ್ಲಿ ಹೋಗುವ ವಿಮಾನ ಎಲ್ಲವೂ ಬಣ್ಣಬಣ್ಣವಾಗಿ ಕಾಣುತ್ತವೆ. ಹೋಗಬೇಕಾದ ದಾರಿಗೆ ಮೆಜೆಂಟಾ ಬಣ್ಣದ ಒಂದು ಗೆರೆ. ಇಷ್ಟೆಲ್ಲ ಬಂದ ಮೇಲೆ ಅಪಘಾತಗಳು ಕಡಿಮೆಯಾಗಬೇಕಲ್ಲವೆ? ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2002ರಿಂದ 2006ರವರೆಗೆ ತಯಾರಾದ ಸಣ್ಣ ವಿಮಾನಗಳನ್ನು ಹೋಲಿಸಿ 2010ರಲ್ಲಿ ವರದಿ ಕೊಟ್ಟಿತು. ಪರದೆ ಇದ್ದ ವಿಮಾನಗಳಲ್ಲಿ ಒಟ್ಟು ಅಪಘಾತಗಳ ಪ್ರಮಾಣ ಕಡಿಮೆಯೇ ಇತ್ತು, ಆದರೆ ಸಾವು ತಂದ ಅಪಘಾತಗಳ ಪ್ರಮಾಣ ಹೆಚ್ಚಿತ್ತು! ಈ ವಿಮಾನಗಳು ಹೆಚ್ಚು ದೂರ ಹೋಗುತ್ತವೆ, ಮೋಡದಲ್ಲಿ ನುಗ್ಗುವಂಥ ಪ್ರಯಾಣಗಳಿಗೆ ಹೆಚ್ಚು ಬಳಕೆಯಾಗುತ್ತವೆ ಎಂಬುದೂ ಅದೇ ವರದಿಯಲ್ಲಿದೆ. ನನಗೆ ಅರ್ಥವಾದದ್ದು ಇಷ್ಟು: ಹಳೆಯ ಮೀಟರಿನ ಮುಂದೆ ಕೂತವನು ಕಪ್ಪು ಮೋಡ ನೋಡಿ "ಇವತ್ತು ಬೇಡಪ್ಪ" ಎಂದು ಮನೆಗೆ ವಾಪಸು ಹೋಗುತ್ತಿದ್ದ. ಪರದೆಯ ಮುಂದೆ ಕೂತವನಿಗೆ ಅದೇ ಮೋಡ ಚಿತ್ರದಂತೆ ಕಾಣುತ್ತದೆ. ಚಿತ್ರಕ್ಕೆ ಯಾರು ಹೆದರುತ್ತಾರೆ?

ಆಟೊಪೈಲಟ್‌ನ ಸ್ವಭಾವ ತಿಳಿಯಬೇಕಾದರೆ ಗಾಂಪ ಗುರುವಿನ ಶಿಷ್ಯರನ್ನು ನೆನೆಸಿಕೊಳ್ಳಿ. ಕುದುರೆಯ ಮೇಲೆ ಹೋಗುತ್ತಿದ್ದ ಗುರುವಿನ ರುಮಾಲು ಬಿದ್ದರೆ ಶಿಷ್ಯರು ಎತ್ತಲಿಲ್ಲ, ಹೇಳಿರಲಿಲ್ಲವಲ್ಲ. ಬಿದ್ದದ್ದನ್ನೆಲ್ಲ ಎತ್ತಿಕೊಳ್ಳಿ ಅಂದರೆ ಕುದುರೆಯ ಲದ್ದಿಯನ್ನೂ ಭಕ್ತಿಯಿಂದ ಎತ್ತಿ ತಂದರು. ಬೇಸತ್ತ ಗುರು ಎತ್ತಬೇಕಾದ ಸಾಮಾನಿನ ಪಟ್ಟಿ ಬರೆದುಕೊಟ್ಟ. ಮುಂದೆ ಗುರುವೇ ಗುಂಡಿಗೆ ಬಿದ್ದಾಗ ಶಿಷ್ಯರು ದಡದಲ್ಲಿ ನಿಂತು ಪಟ್ಟಿ ಓದಿದರು. ಗುರುವಿನ ಹೆಸರು ಅದರಲ್ಲಿರಲಿಲ್ಲ.

ಸಣ್ಣ ವಿಮಾನದ ಆಟೊಪೈಲಟ್‌ಗೆ "ನಿಮಿಷಕ್ಕೆ 700 ಅಡಿಯಂತೆ ಮೇಲೇರು" ಎಂದು ಹೇಳಿ ನೋಡಿ. ಏರುತ್ತದೆ. ಮೇಲೆ ಹೋದಂತೆ ಗಾಳಿ ತೆಳುವಾಗಿ ಎಂಜಿನ್ನಿನ ದಮ್ಮು ಕಡಿಮೆಯಾಗುತ್ತದೆ. ಆದರೂ 700 ಅಡಿ ಉಳಿಸಿಕೊಳ್ಳಲು ಅದು ಮೂತಿಯನ್ನು ಎತ್ತುತ್ತಲೇ ಹೋಗುತ್ತದೆ, ವೇಗ ಇಳಿಯುತ್ತಲೇ ಹೋಗುತ್ತದೆ. ದೊಡ್ಡ ವಿಮಾನಗಳಲ್ಲಿ ಎಂಜಿನ್ನಿನ ಬಲವನ್ನೂ ಯಂತ್ರವೇ ಹೊಂದಿಸುತ್ತದೆ. ಬಹುಪಾಲು ಸಣ್ಣ ವಿಮಾನಗಳಲ್ಲಿ ಥ್ರಾಟಲ್ ನಿಮ್ಮ ಕೈಯಲ್ಲೇ. ನೀವು ಫೋಟೊ ತೆಗೆಯುತ್ತ ಕೂತರೆ ಒಂದು ಹಂತದಲ್ಲಿ ರೆಕ್ಕೆಗೆ ಎತ್ತುವ ಶಕ್ತಿಯೇ ಸಾಲದೆ ವಿಮಾನ ಸ್ಟಾಲ್ ಆಗುತ್ತದೆ. ವೇಗ ಕಾಪಾಡು ಅಂತ ಪಟ್ಟಿಯಲ್ಲಿ ಬರೆದಿರಲಿಲ್ಲವಲ್ಲ, ಗುರುಗಳೇ? ಹೊಸ ಮಾದರಿಗಳು ವೇಗ ತೀರಾ ಇಳಿದರೆ ತಾವೇ ಮೂತಿ ತಗ್ಗಿಸುತ್ತವೆ, ನಿಜ. ಹ್ಯಾಂಗರುಗಳಲ್ಲಿ ಹಳೆಯವೂ ಬೇಕಾದಷ್ಟಿವೆ.

ಇದಕ್ಕಿಂತ ಕಪಟವಾದದ್ದು ಹಿಮದ ಕೇಸು. ಚಳಿಯ ಮೋಡದಲ್ಲಿ ರೆಕ್ಕೆಗೆ ಮಂಜುಗಡ್ಡೆ ಹಿಡಿಯುತ್ತದೆ. ಕೈಯಲ್ಲಿ ಹಾರಿಸುತ್ತಿದ್ದರೆ ಸ್ಟಿಕ್ಕು ಭಾರವಾದದ್ದು, ವಿಮಾನ ಒಂದು ಕಡೆಗೆ ಎಳೆಯುವುದು ಅಂಗೈಗೆ ಗೊತ್ತಾಗುತ್ತದೆ. ಆಟೊಪೈಲಟ್ ಮಾತ್ರ ಒಂದು ಮಾತಾಡದೆ ಅದನ್ನೆಲ್ಲ ಸರಿದೂಗಿಸುತ್ತಾ ಹೋಗುತ್ತದೆ. ಸರಿದೂಗಿಸಲು ಸಾಧ್ಯವೇ ಇಲ್ಲ ಅನ್ನುವ ಗಳಿಗೆಯಲ್ಲಿ ಪೀ ಪೀ ಎಂದು ಕೂಗಿ ಕೈಬಿಡುತ್ತದೆ: ತಗೊಳ್ಳಿ ಸ್ವಾಮಿ, ನಿಮ್ಮ ವಿಮಾನ ನಿಮಗೆ! ಆಗ ನಿಮ್ಮ ಕೈಗೆ ಬರುವುದು ನೀವು ಒಪ್ಪಿಸಿದ್ದ ವಿಮಾನವಲ್ಲ. ಮಂಜುಗಡ್ಡೆಯ ಸುಳಿವು ಸಿಕ್ಕೊಡನೆ ಆಟೊಪೈಲಟ್ ಆರಿಸಿ ಸ್ಟಿಕ್ಕು ಕೈಗೆ ತೆಗೆದುಕೊಳ್ಳಿ ಎಂದು ತಿಳಿದವರು ಬಡಿದುಕೊಳ್ಳುವುದು ಇದಕ್ಕೇ.

ಇನ್ನು ದಾರಿ ತಪ್ಪುವ ಬಗೆಗಳು. ಪರದೆಯಲ್ಲಿ ಊರಿನ ಹೆಸರು ಒತ್ತಿ "ನೇರ ಹೋಗು" ಅಂದರೆ ನೇರವಾಗಿಯೇ ಹೋಗುತ್ತದೆ, ಮಧ್ಯೆ ಬೆಟ್ಟವಿದ್ದರೂ. ಎಲ್ಲರ ಮನೆ ದೋಸೆಯೂ ತೂತೇ: 1995ರ ಡಿಸೆಂಬರ್‌ನಲ್ಲಿ ಕೊಲಂಬಿಯಾದ ಕಾಲಿ ಊರಿಗೆ ಇಳಿಯಲಿದ್ದ ಬೋಯಿಂಗ್ 757ರ ಪೈಲಟ್‌ಗಳು ಹತ್ತಿರದ ರೋಜೊ ಎಂಬ ರೇಡಿಯೊ ಗುರುತಿಗೆ ಹೋಗಲೆಂದು ಆರ್ ಅಕ್ಷರ ಒತ್ತಿದರು. ಕಂಪ್ಯೂಟರು ಪಟ್ಟಿಯ ಮೊದಲಿಗೆ ತೋರಿಸಿದ ಆರ್ ಬೊಗೋಟಾ ಬಳಿಯದು. ಅದನ್ನೇ ಒಪ್ಪಿಕೊಂಡರು. ರಾತ್ರಿ, ಸುತ್ತ ಬೆಟ್ಟ. ವಿಮಾನ ವಿಧೇಯವಾಗಿ ಅತ್ತ ತಿರುಗಿತು. 159 ಮಂದಿ ಸತ್ತರು. ಅಲ್ಲಿ ಇಬ್ಬರಿದ್ದರು, ನಮ್ಮ ಶನಿವಾರದ ಡಾಕ್ಟರು ಒಬ್ಬರೇ.

ಆಮೇಲೆ 1997ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ತರಬೇತುದಾರ ಕ್ಯಾಪ್ಟನ್ ವಾರೆನ್ ವ್ಯಾಂಡರ್‌ಬರ್ಗ್ ತಮ್ಮ ಪೈಲಟ್‌ಗಳನ್ನು ಕೂರಿಸಿಕೊಂಡು ಒಂದು ಉಪನ್ಯಾಸ ಕೊಟ್ಟರು. ನೀವೆಲ್ಲ ಮೆಜೆಂಟಾ ಗೆರೆಯ ಮಕ್ಕಳಾಗಿಬಿಟ್ಟಿದ್ದೀರಿ ಎಂಬ ಅವರ ಬೈಗುಳ ಇವತ್ತಿಗೂ ಹಾರುವವರ ಬಾಯಲ್ಲಿದೆ. ಅವರ ಮದ್ದು ಬಹಳ ಸರಳ: ಯಂತ್ರ ಏನೋ ವಿಚಿತ್ರ ಮಾಡತೊಡಗಿದರೆ ಅದನ್ನು ತಿದ್ದಲು ಇನ್ನಷ್ಟು ಗುಂಡಿ ಒತ್ತುತ್ತ ಕೂರಬೇಡಿ, ಒಂದು ಮೆಟ್ಟಿಲು ಕೆಳಗಿಳಿಯಿರಿ. ಬರೆದಿಟ್ಟ ದಾರಿ ಬಿಟ್ಟು ದಿಕ್ಕಿನ ಗುಂಡಿ ತಿರುಗಿಸಿ. ಅದೂ ಆಗದಿದ್ದರೆ ಪೂರ್ತಿ ಆರಿಸಿ, ಕೈಯಲ್ಲಿ ಹಾರಿಸಿ. ಸಣ್ಣ ವಿಮಾನಕ್ಕೆ ಇದು ಇನ್ನೂ ಚೆನ್ನಾಗಿ ಒಪ್ಪುತ್ತದೆ. "ಇದೇನು ಮಾಡ್ತಿದೆ ಈಗ?" ಎಂಬ ಪ್ರಶ್ನೆ ಎರಡನೆಯ ಸಲ ಬಾಯಿಗೆ ಬರುವ ಹೊತ್ತಿಗೆ ಬೆರಳು ಆಟೊಪೈಲಟ್ ಆರಿಸುವ ಕೆಂಪು ಗುಂಡಿಯ ಮೇಲಿರಬೇಕು.

ಆ ಪ್ರಶ್ನೆಯೇ ಬಾರದಂತೆ ಮಾಡುವ ದಾರಿಯೂ ಇದೆ, ಸ್ವಲ್ಪ ನಗೆಪಾಟಲಿನದು. ಪರದೆಯ ಮೇಲ್ತುದಿಯಲ್ಲಿ ಒಂದು ಪಟ್ಟಿ ಇರುತ್ತದೆ. ಗಾರ್ಮಿನ್‌ನಂಥ ವ್ಯವಸ್ಥೆಗಳಲ್ಲಿ ಯಂತ್ರ ಈಗ ಮಾಡುತ್ತಿರುವುದು ಹಸಿರಿನಲ್ಲಿ, ಮುಂದೆ ಮಾಡಲು ಕಾಯುತ್ತಿರುವುದು ಬಿಳಿಯಲ್ಲಿ. ಒತ್ತಿದ ಗುಂಡಿಯನ್ನು ನಂಬಬಾರದು, ಈ ಪಟ್ಟಿಯನ್ನು ನಂಬಬೇಕು. ಪ್ರತಿ ಸಲ ಗುಂಡಿ ಒತ್ತಿದಾಗಲೂ ಅದನ್ನು ಗಟ್ಟಿಯಾಗಿ ಓದಬೇಕು: "ದಿಕ್ಕು ಹಸಿರು, ಏರುವುದು ಹಸಿರು, ಐದು ಸಾವಿರ ಅಡಿ ಬಿಳಿ." ಒಬ್ಬನೇ ಕೂತು ಹೀಗೆ ಮಾತಾಡಿಕೊಂಡರೆ ನೆಲದ ಮೇಲೆ ನಿಮ್ಮನ್ನು ನಿಮ್ಹಾನ್ಸ್‌ಗೆ ಕರೆದೊಯ್ದಾರು, ಆಕಾಶದಲ್ಲಿ ಅದು ಒಳ್ಳೆಯ ಪೈಲಟ್‌ನ ಲಕ್ಷಣ.

ಇಷ್ಟು ಕೇಳಿ ಇನ್ನೊಂದು ಗುಂಪಿನವರು ಮೀಸೆ ತಿರುವುತ್ತಿರಬಹುದು, "ನಿಜವಾದ ಪೈಲಟ್‌ಗೆ ಆಟೊಪೈಲಟ್ ಯಾಕ್ರೀ?" ಎನ್ನುವವರು. ಅವರಿಗೂ ಒಂದು ಲೆಕ್ಕ ಇದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಮೋಡದಲ್ಲಿ ಹಾರುವ ತರಬೇತಿ ಇಲ್ಲದ 20 ಮಂದಿಗೆ ಹೊರಗೆ ಏನೂ ಕಾಣದಂತೆ ಮಾಡಿ ವಿಮಾನ ಕೊಟ್ಟು ನೋಡಿದರು. ಇಪ್ಪತ್ತಕ್ಕೆ ಇಪ್ಪತ್ತೂ ಜನ ಹಿಡಿತ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ. ಮೂರು ನಿಮಿಷಕ್ಕೆ ಎರಡು ಸೆಕೆಂಡು ಕಡಿಮೆ! ಕಿವಿಯೊಳಗಿನ ಸಮತೋಲನ ಸುಳ್ಳು ಹೇಳತೊಡಗಿದಾಗ ಮೀಸೆ ಉಪಯೋಗಕ್ಕೆ ಬರುವುದಿಲ್ಲ. ಅಂಥ ಹೊತ್ತಿನಲ್ಲಿ ರೆಕ್ಕೆ ಸಮ ಮಾಡಿಕೊಡುವ ಯಂತ್ರ ಜೀವ ಉಳಿಸುತ್ತದೆ. ಇದಕ್ಕೆಂದೇ ಕೆಲವು ಹೊಸ ಆಟೊಪೈಲಟ್‌ಗಳಲ್ಲಿ ನೀಲಿ ಗುಂಡಿಯೊಂದಿದೆ. 2020ರಲ್ಲಿ ಪೈಪರ್ ಎಂ600 ವಿಮಾನಕ್ಕೆ ಇನ್ನೂ ಮುಂದಿನ ಸೌಲಭ್ಯಕ್ಕೇ ಒಪ್ಪಿಗೆ ಸಿಕ್ಕಿತು: ಪೈಲಟ್ ಪ್ರಜ್ಞೆ ತಪ್ಪಿದರೆ ಪ್ರಯಾಣಿಕರು ಒಂದು ಗುಂಡಿ ಒತ್ತಿದರೆ ಸಾಕು, ಯಂತ್ರವೇ ಹತ್ತಿರದ ಸೂಕ್ತ ನಿಲ್ದಾಣ ಆರಿಸಿ, ರೇಡಿಯೊದಲ್ಲಿ ಸುದ್ದಿ ಹೇಳಿ, ಇಳಿಸಿ, ಎಂಜಿನ್ನನ್ನೂ ನಿಲ್ಲಿಸುತ್ತದೆ. ಇದನ್ನು ಬೇಡವೆನ್ನುವುದು ಶುದ್ಧ ಹಮ್ಮು. ಆದರೆ ಹಮ್ಮಿಗೂ ಪರಂಪರೆಯಿದೆ. 1960ರ ದಶಕದಲ್ಲಿ ಮೂನಿ ಕಂಪನಿ ತನ್ನ ವಿಮಾನಗಳಲ್ಲಿ ರೆಕ್ಕೆ ಸಮ ಇಡುವ ಸಾಧನವನ್ನು ಸದಾ ಚಾಲೂ ಇರುವಂತೆ ಕೂರಿಸಿತು. ಅದು ಬೇಡವಾದಾಗ ಹ್ಯಾಂಡಲಿನ ಗುಂಡಿ ಒತ್ತಿ ಹಿಡಿಯಬೇಕಿತ್ತು. ನಮ್ಮ ಶೂರರು ಆ ಗುಂಡಿಗೆ ರಬ್ಬರ್ ಬ್ಯಾಂಡ್ ಸುತ್ತಿಟ್ಟರು.

ಈ ಪರದೆಗಳು ನಮ್ಮ ಮನೆಬಾಗಿಲಿಗೂ ಬಂದಿವೆ. 1951ರಲ್ಲಿ ಬೆಂಗಳೂರಿನ ಎಚ್‌ಎಎಲ್ ಹಾರಿಸಿದ ಎಚ್‌ಟಿ-2 ತರಬೇತಿ ವಿಮಾನದ್ದು ಬರೀ ಮುಳ್ಳು ಮೀಟರುಗಳ ಕಾಲ. ಇದೇ ಊರಿನ ಎನ್‌ಎಎಲ್ ರೂಪಿಸಿ 2021ರಲ್ಲಿ ಮೊದಲು ಹಾರಿಸಿದ ಎರಡು ಸೀಟಿನ ಹಂಸ-ಎನ್‌ಜಿಯಲ್ಲಿ ಗ್ಲಾಸ್ ಕಾಕ್‌ಪಿಟ್ ಇದೆ. ಅದರಲ್ಲಿ ಕಲಿಯುವ ಹುಡುಗ ಹುಡುಗಿಯರು ಮೊದಲ ದಿನದಿಂದಲೇ ಪರದೆ ನೋಡುತ್ತಾರೆ. ಅವರ ಮೇಷ್ಟರು ಆಗಾಗ ಪರದೆಗೆ ಒಂದು ರಟ್ಟು ಅಡ್ಡ ಹಿಡಿದು "ಈಗ ಹೊರಗೆ ನೋಡಿ ಹಾರಿಸು" ಅಂದರೆ ಒಳ್ಳೆಯದು.

ಕೊನೆಗೆ ನಿಮಗೊಂದು ಮಾತು. ಡಲ್ಲಾಸಿನಲ್ಲೋ ಫೀನಿಕ್ಸಿನಲ್ಲೋ ಇರುವ ನಿಮ್ಮ ಅಕ್ಕನ ಮಗ ಲೈಸೆನ್ಸ್ ತೆಗೆದುಕೊಂಡು "ಬನ್ನಿ ಮಾವ, ಒಂದು ಸುತ್ತು ಹಾಕಿಸ್ತೀನಿ" ಅನ್ನುತ್ತಾನೆ. ಹೋಗಿ, ಸಂತೋಷವಾಗಿ ಹೋಗಿ. ಬೆಲ್ಟು ಬಿಗಿಯುವ ಮೊದಲು ಮಾತ್ರ ಒಂದು ಪ್ರಶ್ನೆ ಕೇಳಿ: "ಈ ಆಟೊಪೈಲಟ್ ಆರಿಸೋದು ಹೇಗಪ್ಪ?" ಅವನು ಕಣ್ಣು ತಿರುಗಿಸದೆ ಹೆಬ್ಬೆರಳನ್ನು ಹ್ಯಾಂಡಲಿನ ಕೆಂಪು ಗುಂಡಿಯ ಮೇಲಿಟ್ಟು, ಅದು ಕೆಲಸ ಮಾಡದಿದ್ದರೆ ಫಲಕದ ಗುಂಡಿ ಇದು, ಅದೂ ಕೈಕೊಟ್ಟರೆ ಎಳೆಯಬೇಕಾದ ಸರ್ಕ್ಯೂಟ್ ಬ್ರೇಕರ್ ಇದು ಎಂದು ತೋರಿಸಿದರೆ ನಿಶ್ಚಿಂತೆಯಿಂದ ಕೂರಿ. "ಅದು... ಮೆನು ಒಳಗೆ ಎಲ್ಲೋ ಇದೆ ಮಾವ" ಅಂದನೋ, ಬಾಗಿಲು ತೆಗೆದು ಇಳಿದುಬಿಡಿ. ಕಾಫಿಗೆ ಕಾರಿನಲ್ಲೂ ಹೋಗಬಹುದು.