ಬೆಟ್ಟದ ಬುಡದ ಬಿಸಿಲು

ಬಯಲುಸೀಮೆಯಲ್ಲಿ ಉಷ್ಣಮಾನವು 40 ಡಿಗ್ರಿಯನ್ನು ಮುಟ್ಟಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಮೇಲೇರದ ಹೊರತು ಅದನ್ನು ಬಿಸಿಗಾಳಿಯೆಂದು ಹವಾಮಾನ ಇಲಾಖೆಯು ಸಾಮಾನ್ಯವಾಗಿ ಅಂಗೀಕರಿಸುವುದಿಲ್ಲವೆಂದೂ, ಗುಡ್ಡಗಾಡಿಗಾದರೆ 40ರ ಬದಲು 30 ಸಾಕೆಂದೂ ತಿಳಿದಂದಿನಿಂದ ಚನ್ನರಾಯನದುರ್ಗದ ಅರಳಿಕಟ್ಟೆಯಲ್ಲಿ ಒಂದು ಗಹನವಾದ ಜಿಜ್ಞಾಸೆ ನಡೆದಿದೆ: ನಾವು ಬಯಲಿನವರೋ, ಬೆಟ್ಟದವರೋ? ತಲೆಯ ಮೇಲೆಯೇ ದುರ್ಗವಿರುವುದರಿಂದ ಬೆಟ್ಟದವರೆಂದು ಸಾಧಿಸಿದೆವಾದರೆ ಶಿವರಾತ್ರಿ ಕಳೆಯುತ್ತಲೇ ಅರ್ಜಿ ಹಾಕಬಹುದು. ಬಯಲಿನವರೆಂದಾದರೆ ಇನ್ನೂ ಹತ್ತು ಡಿಗ್ರಿ ಬೇಯಬೇಕು.

ಬೆಟ್ಟವೇನೋ ಸಾಕ್ಷಿ ನುಡಿಯಲು ಸಿದ್ಧವಾಗಿಯೇ ಇದೆ. ಹಗಲೆಲ್ಲ ಹೀರಿದ ತಾಪವನ್ನು ಆ ಹೆಬ್ಬಂಡೆಯು, ಋಣಭೀರುವಾದ ಸಜ್ಜನನಂತೆ, ಹೊತ್ತು ಮುಳುಗಿದೊಡನೆ ಬಡ್ಡಿಸಮೇತ ಊರಿಗೆ ಹಿಂದಿರುಗಿಸತೊಡಗುತ್ತದೆ. ಅದರ ಸಂತಾನವೇ ಆದ ನಮ್ಮ ಮನೆಯ ಚಪ್ಪಡಿ ಮಾಳಿಗೆಗೂ ಅದೇ ಕುಲಾಚಾರ. ಮಲಗುವ ಮುನ್ನ ಅದರ ಮೇಲೆ ಒಂದು ಬಿಂದಿಗೆ ನೀರು ಚೆಲ್ಲಿದರೆ ಚುಯ್ಯೆಂದು ಹಬೆಯೆದ್ದು, ಚಾಪೆ ಬಿಡಿಸುವಷ್ಟರಲ್ಲಿ ಕಲ್ಲು ಒಣಗಿರುತ್ತದೆ. "ಆ ನೀರ ಎಮ್ಮೆಗಾದ್ರೂ ಕುಡಿಸಿದ್ರೆ ಪುಣ್ಯ ಬರ್ತಿತ್ತಲ್ಲೋ" ಎಂದು ಕೆಳಗಿನಿಂದ ಅಜ್ಜಿಯ ಧ್ವನಿ ಕೇಳಿಬರುತ್ತದೆ.

ದೇವರಾಯನದುರ್ಗದಲ್ಲಿ ಹುಟ್ಟಿ ನಮ್ಮ ಸೀಮೆಯನ್ನು ಹಾದುಹೋಗುವ ಜಯಮಂಗಲಿಯು ಈ ಋತುವಿನಲ್ಲಿ ತನ್ನ ಹೆಸರನ್ನು ಮಾತ್ರ ಹರಿಸುತ್ತಾಳೆ. ಬಿಸಿಲನ್ನು ಹರಸುವವರು ಯಾರಾದರೂ ಇದ್ದರೆ ಹುಣಸೆಹಣ್ಣು ಕುಟ್ಟುವ ಹೆಂಗಸರು. ಕಾದಷ್ಟೂ ಓಡು ಸಲೀಸಾಗಿ ಬಿಡುವುದಷ್ಟೆ. ಆದರೆ ಆ ಹರಕೆಯನ್ನೂ ಅವರು ನೆರಳಿನಲ್ಲಿ ಕುಳಿತೇ ಹೇಳುತ್ತಾರೆ.

ಪಾವಗಡದವರ ಭಾಗ್ಯವೇ ಬೇರೆ. ತಿರುಮಣಿಯ ಸುತ್ತಲಿನ 13,000 ಎಕರೆಯಲ್ಲಿ ಸೌರಫಲಕಗಳನ್ನು ಹರಡಿ 2,050 ಮೆಗಾವಾಟ್‌ ಸಾಮರ್ಥ್ಯದ ಸ್ಥಾವರವನ್ನು ಕಟ್ಟಿದಾಗ, ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಗುತ್ತಿಗೆ ಗೊತ್ತಾಯಿತು. ಅಲ್ಲಿ ಬಾಡಿಗೆ ತೆರುವ ಸೂರ್ಯನಾರಾಯಣನು ಇಲ್ಲಿ ನಮ್ಮ ನೆತ್ತಿಯ ಮೇಲೆ ಬಿಟ್ಟಿಯಾಗಿ ಬಿಡಾರ ಹೂಡಿದ್ದಾನೆ. ಆ ಕಡೆಯಿಂದ ಬಂದಿದ್ದ ಭಾವನವರನ್ನು, ಇಂಥ ಬಿಸಿಲಿಗೆ ಕರೆಂಟು ಉಕ್ಕಿ ಹರಿಯುತ್ತಿರಬೇಕಲ್ಲವೇ ಎಂದು ಸ್ವಲ್ಪ ಮತ್ಸರದಿಂದಲೇ ವಿಚಾರಿಸಿದೆ.

"ಎಲ್ಲಿ ಬಂತು ಭಾವ? ಅವಕ್ಕೆ ಬೆಳಕು ಬೇಕು, ಕಾವು ಆಗದು. ಮೈ 25 ಡಿಗ್ರಿ ದಾಟಿದರೆ ಡಿಗ್ರಿಗಿಷ್ಟು ಅಂತ ಸೊರಗ್ತಾವೆ" ಎಂದರು, ಮಜ್ಜಿಗೆಯ ಲೋಟವನ್ನು ಕೆಳಗಿಟ್ಟು.

"ಹಾಗಾದರೆ ನಮ್ಮ ಹಾಗೆಯೇ!"

"ನಮ್ಮ ಹಾಗೆ ಯಾಕೆ? ಮೈಮೇಲೆ ಧೂಳು ಕೂತರೆ ಅವಕ್ಕೆ ಸ್ನಾನ ಮಾಡಿಸೋಕೆ ಜನ ಇದ್ದಾರೆ."

ಇದಕ್ಕೆ ನಾನೊಂದು ಸಮರ್ಪಕವಾದ ಉತ್ತರವನ್ನು ಆಲೋಚಿಸುತ್ತಿರುವಾಗಲೇ ಬೀದಿಯಲ್ಲಿ ಟ್ಯಾಂಕರಿನ ಹಾರ್ನು ಕೇಳಿಬಂದುದರಿಂದ, ಭಾವನವರಿಗೂ ಒಂದು ಬಿಂದಿಗೆಯನ್ನು ಕೊಟ್ಟು, ಇಬ್ಬರೂ ಪಂಚೆಯನ್ನೆತ್ತಿ ಕಟ್ಟಿ ಓಡಿದೆವು.