ಹಳದಿ ದೀಪದ ಪಂಚಾಯ್ತಿ

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತಿದರೆ ಸಾಕು, ಬೀದಿಗೊಬ್ಬ ವೈದ್ಯ ಹುಟ್ಟುತ್ತಾನೆ. “ಪೆಟ್ರೋಲ್ ಕಲಬೆರಕೆ ಸಾರ್” ಎಂದು ಒಬ್ಬ. “ಬ್ಯಾಟರಿ ವೈರ್ ಬಿಚ್ಚಿ ಹಾಕಿ, ತಾನೇ ಆರುತ್ತೆ” ಎಂದು ಇನ್ನೊಬ್ಬ. ಆರುತ್ತೆ, ನಿಜ. ನಾಲ್ಕು ದಿನಕ್ಕೆ ಮತ್ತೆ ಹತ್ತುತ್ತೆ.

ನನ್ನ ಕಾರಿನಲ್ಲೂ ಹತ್ತಿದಾಗ ಮೆಕ್ಯಾನಿಕ್ ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸಿದ. ಪಿ0420 ಎಂಬ ದೋಷದ ಕೋಡ್ ಬಂತು. “ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, ಹೊಸದು ಹಾಕಣ.” ಹೊಗೆ ಶುದ್ಧ ಮಾಡುವ ಈ ಡಬ್ಬಿಯ ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನವಂತೆ. ಬೆಲೆ ಕೇಳಿದೆ. ಇದನ್ನು ಮಾರಬೇಕಾದ್ದು ಚಿನಿವಾರಪೇಟೆಯಲ್ಲಿ!

ಕನ್ವರ್ಟರಿನ ಆಚೆಗೊಂದು ಈಚೆಗೊಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಮೊದಲನೆಯದು ಗಳಿಗೆಗೊಮ್ಮೆ ಮನಸ್ಸು ಬದಲಿಸುತ್ತಿರಬೇಕು, ಎರಡನೆಯದು ಹೆಚ್ಚುಕಡಿಮೆ ತೆಪ್ಪಗಿರಬೇಕು. ಅದೂ ಕುಣಿಯತೊಡಗಿದರೆ ಕಂಪ್ಯೂಟರು ಕನ್ವರ್ಟರ್ ಮೇಲೆ ಗೂಬೆ ಕೂರಿಸುತ್ತದೆ. ಹೊಗೆ ಪೈಪಿನ ಜಾಯಿಂಟ್ ಸೋರಿ, ಹೊರಗಿನ ಗಾಳಿ ಒಳನುಗ್ಗಿದರೂ ಇದೇ ಕುಣಿತ. ಪಾಪ, ಕಂಪ್ಯೂಟರಿಗೆ ಇಣುಕಿ ನೋಡಲು ಕಣ್ಣಿಲ್ಲ.

“ಮೊದಲು ಲೀಕ್ ನೋಡಿ” ಎಂದೆ. ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿ, ಜಾಯಿಂಟಿಗೆ ಸೋಪಿನ ನೀರು ಎರಚಿದ. ಬುಳುಬುಳು ಗುಳ್ಳೆ! ಗ್ಯಾಸ್ಕೆಟ್ ಬದಲಾಯಿತು. ಸಂಸ್ಕಾರವಂತ ಗಿರಾಕಿಯಂತೆ ಹಳೆಯದನ್ನು ಕೇಳಿದೆ.

“ತಗೊಳ್ಳಿ ಸಾರ್, ಧಾರಾಳವಾಗಿ” ಎಂದ. “ಕನ್ವರ್ಟರ್ ಆಗಿದ್ರೆ ಮಾತ್ರ ಕೊಡ್ತಿರಲಿಲ್ಲ.”